ಸತ್ತ ಕಾಲೇಜಿನಲ್ಲೊಂದು ಹಗಲು

ಮದರಾಸಿನ ಹಳೆಯ ತಲೆಮಾರಿನವರು ಎಗ್ಮೋರಿನ ಸರ್ಕಾರಿ ವಸ್ತುಸಂಗ್ರಹಾಲಯವನ್ನು 'ಸೆತ್ತ ಕಾಲೇಜ್' ಎನ್ನುತ್ತಿದ್ದರು. ಮೃಗಾಲಯಕ್ಕೆ 'ಉಯಿರ್ ಕಾಲೇಜ್' ಎಂದು ಹೆಸರು. ಒಂದು ಸತ್ತವುಗಳದ್ದು, ಇನ್ನೊಂದು ಜೀವವಿರುವವುಗಳದ್ದು. ಕನ್ನಡಿಗರಿಗೆ ಮೊದಲನೆಯದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪೊಂಗಲ್ ಹಬ್ಬದ ಕೊನೆಯ ದಿನ 'ಕಾಣುಂ ಪೊಂಗಲ್'. ಮಕ್ಕಳುಮರಿಗಳೊಡನೆ ಊರು ಕಾಣಲು ಹೊರಡುವ ದಿನ ಅದು. ಹಾಗೆ ಹೊರಟವರು ಈ ಕಾಲೇಜುಗಳನ್ನು ತಪ್ಪಿಸುತ್ತಿರಲಿಲ್ಲ.

ಈ ಹೆಸರಿಗೆ ಕಾರಣವಿದೆ. 1851ರಲ್ಲಿ ಸಂಗ್ರಹಾಲಯ ಆರಂಭವಾದದ್ದು ಸೇಂಟ್ ಜಾರ್ಜ್ ಕೋಟೆಯ ಕಾಲೇಜಿನ ಮಹಡಿಯಲ್ಲಿ. ಮೊದಲ ಬಂಡವಾಳ ಸುಮಾರು 1,100 ಶಿಲಾ ಮಾದರಿಗಳು. ಎಡ್ವರ್ಡ್ ಬಾಲ್ಫರ್ ಎಂಬ ಸೇನಾ ವೈದ್ಯರು ಅದರ ಮೊದಲ ಮೇಲ್ವಿಚಾರಕರು. 1865ರಲ್ಲಿ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಬುನಾದಿ ಹಾಕಿದವರೂ ಇವರೇ. 1854ರಲ್ಲಿ ಮದರಾಸಿನ ಸಂಗ್ರಹ ಎಗ್ಮೋರಿಗೆ ಬಂತು. ಬರೀ ಕಲ್ಲು ನೋಡಲು ಯಾರು ಬಂದಾರು? ಹುಲಿಯಂಥ ಜೀವಂತ ಪ್ರಾಣಿಗಳಿದ್ದರೆ ಜನ ಮುಗಿಬೀಳುತ್ತಾರೆಂಬುದನ್ನು ಬಾಲ್ಫರ್ ಬೇಗ ಕಂಡುಕೊಂಡರು. 1855ರಲ್ಲಿ ಅದೇ ಆವರಣದಲ್ಲಿ ಮೃಗಾಲಯ ಹುಟ್ಟಿಕೊಂಡಿತು. ಮುಂದಿನ ದಶಕದಲ್ಲಿ ಅದು ಪೀಪಲ್ಸ್ ಪಾರ್ಕಿಗೂ, 1985ರಲ್ಲಿ ವಂಡಲೂರಿಗೂ ಹೋಯಿತು.

ಜೀವ ಹೋದರೂ ಆಕರ್ಷಣೆ ಹೋಗಲಿಲ್ಲ. ಇಲ್ಲಿನ ಪ್ರಾಣಿವಿಭಾಗದ ಹೆಮ್ಮೆಯಾದ ತಿಮಿಂಗಿಲದ ಅಸ್ಥಿಪಂಜರ ನಮ್ಮ ಮಂಗಳೂರಿನದು. 1874ರಲ್ಲಿ ಆ ತೀರಕ್ಕೆ ಬಂದು ಬಿದ್ದ ಪ್ರಾಣಿಯದು. ದಕ್ಷಿಣ ಕನ್ನಡ ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದರಿಂದ ಅರಬ್ಬೀ ಸಮುದ್ರದ ಮೂಳೆಗಳು ಬಂಗಾಳ ಕೊಲ್ಲಿಯ ಊರನ್ನು ಸೇರಿದವು. 1956ರಲ್ಲಿ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ತಿಮಿಂಗಿಲ ಅಲ್ಲೇ ಉಳಿಯಿತು.

ಮೂಳೆಗಳಿಗೆ ದೊರೆತ ಆರೈಕೆ ಶಿಲ್ಪಕ್ಕೆ ದೊರೆಯಲಿಲ್ಲವೆನ್ನಬೇಕು. ಕೃಷ್ಣಾ ತೀರದ ಅಮರಾವತಿಯಲ್ಲಿ ಬೌದ್ಧ ಸ್ತೂಪವೊಂದಿತ್ತು. ಸುಣ್ಣಕಲ್ಲಿನ ಅದರ ಫಲಕಗಳಲ್ಲಿ ಬುದ್ಧನ ಕಥೆಗಳು ಮೈದುಂಬಿದ್ದವು. 1845ರಲ್ಲಿ ವಾಲ್ಟರ್ ಎಲಿಯಟ್ ಎಂಬ ಅಧಿಕಾರಿ ಅಲ್ಲಿ ಅಗೆಸಿ, ಸಿಕ್ಕ ಫಲಕಗಳನ್ನು ಮದರಾಸಿಗೆ ಕಳಿಸಿದರು. ಸುಮಾರು ಹದಿನೆಂಟು ಶತಮಾನ ಬಾಳಿದ್ದ ಶಿಲ್ಪಗಳು ಕಾಲೇಜಿನ ಮುಂದಿನ ಬಯಲಲ್ಲಿ ಬಿಸಿಲುಮಳೆಗೆ ಮೈಯೊಡ್ಡಿ ವರ್ಷಗಟ್ಟಲೆ ಬಿದ್ದಿದ್ದವು. ಕಲ್ಲಿನಿಂದಲೇ ಆರಂಭವಾದ ಸಂಸ್ಥೆಗೆ ಕೆತ್ತಿದ ಕಲ್ಲಿನ ಬೆಲೆ ಹೊಳೆಯದೆ ಹೋದದ್ದು ವಿಚಿತ್ರವೇ. 1859ರಲ್ಲಿ ಅವುಗಳಲ್ಲಿ ಹೆಚ್ಚಿನವು ಹಡಗು ಹತ್ತಿ ಲಂಡನ್ನಿಗೆ ಹೋದವು. ಮುಂದಿನ ಅಗೆತಗಳಲ್ಲಿ ಸಿಕ್ಕವು ಮದರಾಸಿನಲ್ಲಿ ಉಳಿದವೇನೋ ಸರಿ, ಆದರೆ ಅವನ್ನು ಗಾರೆ ಹಾಕಿ ಗೋಡೆಗೆ ಕೂರಿಸಲಾಯಿತು. ಕಾಪಾಡಲು ಮಾಡಿದ ಈ ಕೆಲಸವೇ ಸುಣ್ಣಕಲ್ಲಿಗೆ ಮುಳುವಾಯಿತು.

ತಿಮಿಂಗಿಲವನ್ನು ನೋಡಲು ಬಂದವರು ಇಂದಿಗೂ ಅದೇ ಆವರಣದಲ್ಲಿ ಈ ಫಲಕಗಳನ್ನು ನೋಡಬಹುದು. ಅದೇ ಸ್ತೂಪದ ಉಳಿದ ಭಾಗವನ್ನು ನೋಡಬೇಕಾದರೆ ಮಾತ್ರ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂಗೆ ಹೋಗಬೇಕು.