ಟಿ.ಬಿ. ಡ್ಯಾಂ: ಒಂದು ಹೈಸ್ಕೂಲಿನ ಮೊದಲ ದಿನಗಳು

ಹೈಸ್ಕೂಲಿನ ಇತಿಹಾಸವೆಂದರೆ ನಮಗೆ ಸಾಮಾನ್ಯವಾಗಿ ನೆನಪಾಗುವುದು ಅಡಿಗಲ್ಲು, ಕಟ್ಟಡ ಮತ್ತು ಮುಖ್ಯೋಪಾಧ್ಯಾಯರ ಹೆಸರಿನ ಫಲಕ. ಹೊಸಪೇಟೆಯ ಸಮೀಪದ ಟಿ.ಬಿ. ಡ್ಯಾಂನಂಥ ಊರಿಗೆ ಇಷ್ಟು ಸಾಲದು. ಇಲ್ಲಿ ಅಣೆಕಟ್ಟಿನ ಕೆಲಸಕ್ಕಾಗಿ ಕಾಲೊನಿ ಹುಟ್ಟಿತು; ಕೆಲಸಕ್ಕೆ ಬಂದವರ ಮಕ್ಕಳಿಗಾಗಿ ಶಾಲೆ ಬೇಕಾಯಿತು.

ತುಂಗಭದ್ರಾ ಅಣೆಕಟ್ಟಿಗೆ 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆಯಾಯಿತು. ಆಗ ನದಿಯ ಬಲದಂಡೆ ಮದ್ರಾಸ್ ಪ್ರಾಂತ್ಯಕ್ಕೆ, ಎಡದಂಡೆ ನಿಜಾಮರ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಬಲಗಡೆ ಟಿ.ಬಿ. ಡ್ಯಾಂ, ಎಡಗಡೆ ಮುನಿರಾಬಾದ್. ಈ ಕಟ್ಟೆಯನ್ನು ಕಟ್ಟಿದ್ದು ಸಿಮೆಂಟಿನಿಂದಲ್ಲ, ಸುಣ್ಣ ಮತ್ತು ಸುರ್ಕಿಯ ಗಾರೆಯಿಂದ. ಕಲ್ಲು ಒಡೆಯಲು, ಹೊರಲು, ಗಾರೆ ಅರೆಯಲು ಸಾವಿರಾರು ಕೈಗಳು ಬೇಕಾದವು. ಕನ್ನಡಿಗರ ಜೊತೆಗೆ ತೆಲುಗರೂ ತಮಿಳರೂ ಬಂದರು. ಎಂಜಿನಿಯರರ ಮಕ್ಕಳಿಗೂ ಮೇಸ್ತ್ರಿಯ ಮಕ್ಕಳಿಗೂ ಮನೆಯ ಮಾತು ಬೇರೆ, ಕಲಿಯಬೇಕಾದ ಪಾಠ ಮಾತ್ರ ಒಂದೇ.

ಈಗ ಒಂದು ಲೆಕ್ಕ ಮಾಡಿ ನೋಡಿ. ಶಂಕುಸ್ಥಾಪನೆಯಾದ ವರ್ಷವೇ ಹೊಸಪೇಟೆಯಲ್ಲಿ ಹುಟ್ಟಿದ ಮಗು ಮದ್ರಾಸ್ ಆಡಳಿತದಲ್ಲಿ ಅಕ್ಷರ ಕಲಿಯತೊಡಗಿತು. ಅದಕ್ಕೆ ಎಂಟು ವರ್ಷವಾದಾಗ, 1953ರಲ್ಲಿ, ಜಲಾಶಯದ ನೀರು ಕಾಲುವೆಗೆ ಹರಿಯಿತು. ಅದೇ ವರ್ಷದ ಅಕ್ಟೋಬರ್ 1ರಂದು ಹೊಸಪೇಟೆ ಮೈಸೂರು ರಾಜ್ಯಕ್ಕೆ ಸೇರಿತು. ಎದುರು ದಡದ ಮುನಿರಾಬಾದ್ ಮೈಸೂರಿಗೆ ಬಂದದ್ದು 1956ರ ನವೆಂಬರ್ 1ರಂದು. ಆ ಮಗು ಹೈಸ್ಕೂಲಿನ ಮೆಟ್ಟಿಲು ಹತ್ತುವ ವೇಳೆಗೆ ಎರಡೂ ದಡಗಳು ಒಂದೇ ರಾಜ್ಯದಲ್ಲಿದ್ದವು. ಮನೆ ಬದಲಾಗಲಿಲ್ಲ, ಸರಕಾರ ಬದಲಾಯಿತು. ಮದ್ರಾಸಿನ 'ಫಾರಂ'ಗಳ ಲೆಕ್ಕದಲ್ಲಿ ಓದಿದ ಅಣ್ಣನಿಗೂ ಮೈಸೂರಿನ ವ್ಯವಸ್ಥೆಯಲ್ಲಿ ಓದಿದ ತಮ್ಮನಿಗೂ ತರಗತಿಯ ಹೆಸರೇ ಬೇರೆಯಾಯಿತು.

ಕಥೆಗೆ ಇನ್ನೊಂದು ಮುಖವೂ ಇದೆ. ಜಲಾಶಯದಲ್ಲಿ ಸುಮಾರು ತೊಂಬತ್ತು ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಅಣೆಕಟ್ಟು ಕೆಲವರಿಗೆ ಸಂಬಳ ಕೊಟ್ಟಿತು, ಕೆಲವರ ಹೊಲಮನೆ ತೆಗೆದುಕೊಂಡಿತು. ಇಬ್ಬರ ಮಕ್ಕಳೂ ಈ ಸೀಮೆಯ ಶಾಲೆಗಳ ಬೆಂಚುಗಳಲ್ಲಿ ಕುಳಿತು ಬೆಳೆದವರು.

ಈ ಸಂಗತಿಗಳು ಅಡಿಗಲ್ಲಿನ ಮೇಲೆ ಸಿಗುವುದಿಲ್ಲ. ಅವನ್ನು ಹುಡುಕಬೇಕಾದದ್ದು ಶಾಲೆಯ ದಾಖಲಾತಿ ಪುಸ್ತಕದಲ್ಲಿ. ಹುಟ್ಟಿದ ಊರು, ಮಾತೃಭಾಷೆ, ತಂದೆಯ ಉದ್ಯೋಗ, ಹಿಂದೆ ಓದಿದ ಶಾಲೆ: ಈ ನಾಲ್ಕು ಕಲಮುಗಳನ್ನು ಮೇಲಿನಿಂದ ಕೆಳಕ್ಕೆ ಓದಿದರೆ ಸಾಕು, ಯಾರು ಎಲ್ಲಿಂದ ಬಂದರು, ಯಾವ ಕೆಲಸಕ್ಕೆ ಬಂದರು ಎಂಬುದು ತಿಳಿಯುತ್ತದೆ. ಹುಟ್ಟಿದ ಊರಿನ ಕಲಮಿನಲ್ಲಿ ಇಂದಿನ ನಕಾಶೆಯಲ್ಲಿಲ್ಲದ ಹೆಸರು ಕಂಡರೆ ಆಶ್ಚರ್ಯಪಡಬೇಡಿ. ಆ ಊರು ನೀರಿನ ಕೆಳಗಿರಬಹುದು.

ವಿಳಾಸಗಳು ಮುಂದೆಯೂ ಬದಲಾದವು. 1973ರಲ್ಲಿ ರಾಜ್ಯದ ಹೆಸರು ಕರ್ನಾಟಕವಾಯಿತು. 1997ರಲ್ಲಿ ಮುನಿರಾಬಾದ್ ಕೊಪ್ಪಳ ಜಿಲ್ಲೆಗೆ, 2021ರಲ್ಲಿ ಹೊಸಪೇಟೆ ವಿಜಯನಗರ ಜಿಲ್ಲೆಗೆ ಸೇರಿತು. ಹಳೆಯ ಪುಸ್ತಕವನ್ನು ಓದುವಾಗ ಇದು ನಿಮ್ಮ ನೆನಪಿನಲ್ಲಿರಲಿ.

ನೀವು ಯಾವ ಊರಿನವರೇ ಆಗಿರಿ, ನಿಮ್ಮ ಶಾಲೆಯ ಮೊದಲ ದಾಖಲಾತಿ ಪುಸ್ತಕ ಎಲ್ಲಿದೆ ಎಂದು ಮುಖ್ಯೋಪಾಧ್ಯಾಯರನ್ನು ಕೇಳಿ. ಗೆದ್ದಲು ಹಿಡಿಯುವ ಮುನ್ನ ಅದಕ್ಕೊಂದು ಒಳ್ಳೆಯ ಕಪಾಟು ಬೇಕು. ಅಣೆಕಟ್ಟಿನೊಡನೆ ಬೆಳೆದ ಆ ಮಕ್ಕಳಿಗೆ ಈಗ ಎಂಬತ್ತರ ಆಸುಪಾಸು. ಪುಸ್ತಕದಲ್ಲಿಲ್ಲದ್ದನ್ನು ಅವರಿಂದ ಕೇಳಿ ಬರೆದಿಟ್ಟುಕೊಳ್ಳುವ ಕೆಲಸ ಈ ರಜೆಯಲ್ಲೇ ಆಗಲಿ.