ಕನ್ನಕ್ಕೆ ಪ್ರತಿಕನ್ನ ಸರಿಯೇ?

ನಮ್ಮ ಕಂಪ್ಯೂಟರಿಗೆ ಕನ್ನ ಹಾಕಿದವನ ಕಂಪ್ಯೂಟರಿಗೆ ನಾವೂ ಕನ್ನ ಹಾಕಬಹುದೇ? ಖಾಸಗಿಯವರಿಗೆ ಈ ಹಕ್ಕು ಬೇಕೆನ್ನುವವರು 1986ರ ಒಂದು ಪ್ರಕರಣವನ್ನು ಗಮನಿಸಬೇಕು.

ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ತಾಳೆಯಾಗಲಿಲ್ಲ. ಕಾರಣ ಹುಡುಕುವ ಕೆಲಸ ಖಗೋಳ ವಿಜ್ಞಾನಿ ಕ್ಲಿಫರ್ಡ್ ಸ್ಟಾಲ್ ಅವರ ಪಾಲಿಗೆ ಬಂತು. (ಪ್ರಾಯೋಗಿಕ ತರಗತಿಯಲ್ಲಿ ಸಣ್ಣ ವ್ಯತ್ಯಾಸವನ್ನು ಅಳಿಸಿ ಸರಿಪಡಿಸುವ ವಿದ್ಯಾರ್ಥಿಗಳು ಇದನ್ನು ನೆನಪಿಡಲಿ!) ಯಾರೋ ಹೊರಗಿನವರು ಒಳಹೊಕ್ಕಿದ್ದರು. ಸ್ಟಾಲ್ ಬಾಗಿಲು ಮುಚ್ಚಲಿಲ್ಲ. ಒಳಬರುವ ತಂತಿಗಳಿಗೆ ಪ್ರಿಂಟರ್‌ಗಳನ್ನು ಜೋಡಿಸಿ, ಕಳ್ಳನು ಒತ್ತಿದ ಪ್ರತಿಯೊಂದು ಅಕ್ಷರವನ್ನೂ ಮುದ್ರಿಸಿಕೊಂಡರು. ಆತ ಸೂಕ್ಷ್ಮ ಮಾಹಿತಿಗೆ ಕೈಹಾಕಿದಾಗ ತಮ್ಮ ಬೀಗದ ಕೈ ಗೊಂಚಲನ್ನು ತಂತಿಗೆ ತಾಗಿಸಿ ಅಲುಗಿಸಿದರು. ಸಂಕೇತಗಳಲ್ಲಿ ಗದ್ದಲ ಬೆರೆತು ಅಕ್ಷರಗಳು ಕಲಸಿಹೋದವು. ಭೌತವಿಜ್ಞಾನಿಗಳಾದ ನಾವು ಜೀವನವಿಡೀ ತಗ್ಗಿಸಲು ಹೆಣಗುವ ಗದ್ದಲವನ್ನೇ ಅವರು ಕಾವಲಿಗೆ ಬಳಸಿಕೊಂಡರು.

ಜಾಡು ಹಿಡಿದು ಹೋದಾಗ ಸಿಕ್ಕಿದ್ದು ವರ್ಜೀನಿಯಾದ ಮೈಟರ್ ಎಂಬ ರಕ್ಷಣಾ ಗುತ್ತಿಗೆ ಸಂಸ್ಥೆ. ಸ್ಟಾಲ್ ಆಗ ತಿರುಗಿ ಹೊಡೆದಿದ್ದರೆ ಏಟು ಬೀಳುತ್ತಿದ್ದುದು ಅದಕ್ಕೇ. ಆದರೆ ಮೈಟರ್ ಕೂಡ ಕನ್ನಕ್ಕೆ ಒಳಗಾಗಿತ್ತು; ತನ್ನ ಮೂಲಕ ಯಾರೋ ಹಾದುಹೋಗುತ್ತಿರುವುದು ಅದಕ್ಕೆ ತಿಳಿದೇ ಇರಲಿಲ್ಲ. ನಿಜವಾದ ಆಸಾಮಿ ಇದ್ದದ್ದು ಪಶ್ಚಿಮ ಜರ್ಮನಿಯ ಹ್ಯಾನೋವರ್‌ನಲ್ಲಿ. ಸ್ಟಾಲ್ ತಮ್ಮದೇ ಕಂಪ್ಯೂಟರಿನಲ್ಲಿ ಸುಳ್ಳು ರಕ್ಷಣಾ ಕಡತಗಳನ್ನಿಟ್ಟು ಆತನನ್ನು ಬಹಳ ಹೊತ್ತು ಹಿಡಿದಿಟ್ಟರು. ಅಷ್ಟರಲ್ಲಿ ಅಲ್ಲಿನ ದೂರವಾಣಿಯವರು ಅವನ ನೆಲೆಯನ್ನು ಪತ್ತೆಮಾಡಿದರು. ಸೋವಿಯತ್ ಗುಪ್ತಚರ ಸಂಸ್ಥೆಗೆ ಮಾಹಿತಿ ಮಾರಿದ್ದಕ್ಕಾಗಿ ಮಾರ್ಕಸ್ ಹೆಸ್ ಮತ್ತು ಸಂಗಡಿಗರು 1990ರಲ್ಲಿ ಅಪರಾಧಿಗಳೆಂದು ಸಾಬೀತಾಯಿತು.

ಒಳ್ಳೆಯ ಉದ್ದೇಶದಿಂದ ಪರರ ಯಂತ್ರ ಹೊಕ್ಕರೂ ಅಪಾಯ ತಪ್ಪದು. 2003ರ ಆಗಸ್ಟ್‌ನಲ್ಲಿ ಬ್ಲಾಸ್ಟರ್ ಎಂಬ ಕಂಪ್ಯೂಟರ್ ಹುಳು ಹರಡಿತು. ಒಂದೇ ವಾರದಲ್ಲಿ, ಅದನ್ನು ಅಳಿಸಿ ತಂತ್ರಾಂಶದ ದೋಷವನ್ನು ಸರಿಪಡಿಸಲು ಹೊರಟ ವೆಲ್ಚಿಯಾ ಎಂಬ ಇನ್ನೊಂದು ಹುಳು ಬಂತು. ಹೊಸ ಯಂತ್ರಗಳನ್ನು ಹುಡುಕಲು ಅದು ಕಳಿಸಿದ ಸಂದೇಶಗಳಿಂದಲೇ ಜಾಲಗಳು ಉಸಿರುಗಟ್ಟಿದವು. ಸೆಪ್ಟೆಂಬರಿನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯ ವೀಸಾ ತಪಾಸಣಾ ವ್ಯವಸ್ಥೆಯೇ ಕೆಲ ಗಂಟೆ ನಿಂತಿತು.

ಪ್ರತಿಕನ್ನ ಬೇಕೆನ್ನುವವರ ಅಸಹನೆ ಸುಳ್ಳಲ್ಲ. 75 ಸೆಂಟಿನ ನಷ್ಟವೆಂದು ಎಫ್‌ಬಿಐ ಸ್ಟಾಲ್ ಅವರ ದೂರಿಗೆ ಮೊದಲು ಕಿವಿಗೊಡಲೇ ಇಲ್ಲ. ಆದರೂ ಸ್ವಂತ ತಂತಿಯ ಆಚೆಗೆ ಕೈಚಾಚುವ ಹಕ್ಕು ಖಾಸಗಿಯವರಿಗೆ ಬೇಡವೆಂದೇ ನನ್ನ ನಿಲುವು. ಸೀಮಿತ ಅನುಮತಿ ನೀಡುವ ಮಸೂದೆ ಅಮೆರಿಕದಲ್ಲಿ 2017 ಮತ್ತು 2019ರಲ್ಲಿ ಮಂಡನೆಯಾಯಿತು, ಅಂಗೀಕಾರವಾಗಲಿಲ್ಲ. ನಮ್ಮ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 43ನೇ ಕಲಂ ಕೂಡ ಮಾಲೀಕರ ಅನುಮತಿಯಿಲ್ಲದ ಪ್ರವೇಶವನ್ನು ತಪ್ಪೆನ್ನುತ್ತದೆ. ಮೊದಲು ಕನ್ನಕ್ಕೆ ಒಳಗಾದವರಿಗೆಂದು ಅದರಲ್ಲಿ ವಿನಾಯಿತಿ ಇಲ್ಲ.