ದಾರಿಯ ಜೀರ್ಣೋದ್ಧಾರ

ದೇವಾಲಯಗಳ ಜೀರ್ಣೋದ್ಧಾರವನ್ನೂ ಒಡೆದ ಕೆರೆಯೇರಿಗಳ ಪುನರ್ನಿರ್ಮಾಣವನ್ನೂ ಪುಣ್ಯಕಾರ್ಯವೆಂದು ಭಾವಿಸಿ ಶಿಲಾಶಾಸನಗಳಲ್ಲಿ ಕೊರೆಯಿಸಿದ ನಮ್ಮ ನಾಡಿನಲ್ಲಿ, ಕೆಟ್ಟುಹೋದ ದಾರಿಯನ್ನು ಮರಳಿ ನಡೆಯತಕ್ಕಂತೆ ಮಾಡಿದವರ ಚರಿತ್ರೆ ಮಾತ್ರ ಬಹುಮಟ್ಟಿಗೆ ಅಲಿಖಿತವಾಗಿಯೇ ಉಳಿದಿದೆ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳ ಪಾಲಿಗೆ ಇದು ಅಲ್ಪವಾದ ಲೋಪವಲ್ಲ. ಬೆಂಗಳೂರಿನಿಂದ ಹೊರಟ ರೈಲುದಾರಿ 1889ರಲ್ಲಿ ಹರಿಹರವನ್ನು ಮುಟ್ಟಿತಾದರೂ ಈ ನಾಲ್ಕು ಊರುಗಳಲ್ಲಿ ಒಂದನ್ನೂ ಅದು ಹಾಯಲಿಲ್ಲ; ಮಲೆನಾಡಿನ ಸೆರಗಿನಲ್ಲಿರುವ ನ್ಯಾಮತಿಯಿಂದ ಮೊದಲ್ಗೊಂಡು ಮಳೆ ಕೃಪಣವಾದ ಜಗಳೂರಿನವರೆಗೆ ಅಡಕೆ, ಭತ್ತ, ಹತ್ತಿ, ಜೋಳಗಳೆಲ್ಲ ಗಾಡಿಯ ಮೇಲೆಯೇ ಪೇಟೆಗೆ ಸಾಗಬೇಕಾಗಿತ್ತು. ಇಲ್ಲಿ ದಾರಿ ಕೆಟ್ಟರೆ ವ್ಯಾಪಾರವೂ ಕೆಟ್ಟಿತೆಂದೇ ಅರ್ಥ.

ಈ ಸೀಮೆಯ ರಸ್ತೆಗಳ ಕಥೆಗೆ ಒಂದು ದಂಗೆಯೇ ಪೀಠಿಕೆ. ಕಂದಾಯದ ಭಾರದಿಂದಲೂ ಅಧಿಕಾರಿಗಳ ಸುಲಿಗೆಯಿಂದಲೂ ನೊಂದ, ಮೈಸೂರು ಸಂಸ್ಥಾನದ ನಗರ ಪ್ರಾಂತದ ರೈತರು 1830ರಲ್ಲಿ ತಿರುಗಿಬಿದ್ದಾಗ ಹೊನ್ನಾಳಿ, ಚನ್ನಗಿರಿಗಳ ಸೀಮೆಯೂ ಅದರ ಕಣವಾಯಿತು. ಅದನ್ನೇ ಕಾರಣವಾಗಿ ಮುಂದಿಟ್ಟುಕೊಂಡು 1831ರಲ್ಲಿ ಇಂಗ್ಲಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡರು. 1834ರಿಂದ 1861ರವರೆಗೆ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿ ಸಂಸ್ಥಾನದಾದ್ಯಂತ ಸುಮಾರು 1,600 ಮೈಲಿ ರಸ್ತೆಗಳು ಸಿದ್ಧವಾದುವು, ನೂರಾರು ಸಣ್ಣ ಸುಂಕಗಳು ರದ್ದಾದುವು, 1856ರಲ್ಲಿ ಮರಾಮತ್ತು ಇಲಾಖೆ ಪ್ರತ್ಯೇಕವಾಗಿ ರೂಪುಗೊಂಡಿತು. 1868ರಲ್ಲಿ ಹರಿಹರದ ಬಳಿ ತುಂಗಭದ್ರೆಗೆ ಸೇತುವೆಯೂ ಬಂದಿತು. ದಂಡಿನ ಚಲನೆ, ಕಂದಾಯದ ವಸೂಲಿಗಳ ಚಿಂತೆ ಈ ಉದ್ಯಮದ ಹಿಂದೆ ಇದ್ದೇ ಇದ್ದಿತು; ಆದರೂ ದಂಡಿಗೆಂದು ಹಾಕಿದ ಹಾದಿಯಲ್ಲಿ ರೈತನ ಗಾಡಿಯೂ ನಡೆಯಿತೆಂಬುದು ಸಣ್ಣ ಮಾತಲ್ಲ.

ರಸ್ತೆಯನ್ನು ಹಾಕುವುದಕ್ಕಿಂತ ಅದನ್ನು ಉಳಿಸಿಕೊಳ್ಳುವುದೇ ಕಠಿಣತರವಾದ ವಿದ್ಯೆಯೆಂದು ನನ್ನ ದೃಢವಾದ ಅಭಿಪ್ರಾಯ. ಸ್ಕಾಟ್ಲೆಂಡಿನ ರಸ್ತೆತಜ್ಞ ಮೆಕಾಡಮ್ (1756–1836) ಬೋಧಿಸಿದುದರ ಸಾರವೂ ಅದನ್ನೇ ಸಮರ್ಥಿಸುತ್ತದೆ: ಭಾರವನ್ನು ಕೊನೆಗೆ ಹೊರುವುದು ಕೆಳಗಿನ ನೆಲ; ಆ ನೆಲ ಒಣಗಿರುವವರೆಗೆ ಮಾತ್ರ ಮೇಲಿನ ಕಲ್ಲಿಗೆ ಬೆಲೆ. ಸಣ್ಣಗೆ ಒಡೆದ ಜಲ್ಲಿಯನ್ನು ಹರಡಿ, ಉರುಳೆಯಿಂದ ಅದುಮಿ, ಸಂದುಗಳಿಗೆ ಗರಸು ತುಂಬಿ, ನೀರು ಚಿಮುಕಿಸಿ, ನಡುವೆ ಉಬ್ಬಿರುವಂತೆ ಮತ್ತೆ ಅದುಮಿದರೆ ಬಿದ್ದ ಮಳೆ ಇಕ್ಕೆಲದ ಚರಂಡಿಗೆ ಜಾರಿಹೋಗುತ್ತದೆ. ಹೊನ್ನಾಳಿ, ಜಗಳೂರು ಸೀಮೆಗಳ ಎರೆನೆಲದಲ್ಲಿಯಾದರೋ ಈ ನಿಯಮ ಇಮ್ಮಡಿ ಕಠೋರವಾಗುತ್ತದೆ. ಏಕೆಂದರೆ ಎರೆ ನೀರು ಕುಡಿದಾಗ ಉಬ್ಬಿ, ಬೇಸಗೆಯಲ್ಲಿ ಬಿರಿದು, ತನ್ನ ಮೇಲಿನ ಕಲ್ಲನ್ನು ವರ್ಷವರ್ಷವೂ ಕದಲಿಸುತ್ತದೆ. ಮೋರಿಯ ಬಾಯಿ ಕಟ್ಟಿಕೊಂಡು ನೀರು ಒಂದೇ ಕಡೆ ನಿಂತರೂ ಅಲ್ಲಿ ಜಲ್ಲಿ ಕೆಸರಿನೊಳಕ್ಕೆ ಇಳಿದುಹೋಗುತ್ತದೆ. ಕಬ್ಬಿಣದ ಪಟ್ಟಿ ಹೊಡೆದ ಗಾಡಿಯ ಕಿರಿದಾದ ಚಕ್ರಗಳು ಒಂದೇ ಜಾಡಿನಲ್ಲಿ ಉರುಳಿ ಕೊರೆದ ಗೀರುಗಳೇ ಮಳೆಗಾಲದಲ್ಲಿ ಕಾಲುವೆಗಳಾಗುತ್ತಿದ್ದುವು. ಅದನ್ನು ತಡೆದವರು ರಸ್ತೆ ಗ್ಯಾಂಗಿನ ಕೂಲಿಗಳು. ತಮಗೆ ಒಪ್ಪಿಸಿದ ಮೈಲಿಗಳಲ್ಲಿ ನಡೆದಾಡುತ್ತ, ಕುಳಿ ಅಂಗೈಯಷ್ಟಿರುವಾಗಲೇ ಗರಸು ತುಂಬಿ ಬಡಿದು, ಚರಂಡಿಯ ಹೂಳೆತ್ತಿ, ಬದಿಯ ಹುಲ್ಲು ಸವರಿದ ಇವರ ಹೆಸರುಗಳು ಯಾವ ಕಲ್ಲಿನ ಮೇಲೂ ಇಲ್ಲ. ಕಲ್ಲೊಡೆದ ವಡ್ಡರ ಹೆಸರುಗಳೂ ಇಲ್ಲ. ಸೇತುವೆ ಕಟ್ಟಿಸಿದ ಅಧಿಕಾರಿಗಳಿಗೆ ಸಲ್ಲುವ ಗೌರವ ಇವರಿಗೂ ಸಲ್ಲತಕ್ಕದ್ದು.

ಮೋಟಾರು ಬಂದ ಮೇಲೆ ಹಳೆಯ ಜಲ್ಲಿ ರಸ್ತೆ ಸೋತಿತು. ಕಬ್ಬಿಣದ ಚಕ್ರ ಕಲ್ಲನ್ನು ಅರೆದು ಸಂದುಗಳಿಗೆ ಪುಡಿ ಒದಗಿಸುತ್ತಿದ್ದರೆ, ವೇಗವಾಗಿ ಉರುಳುವ ರಬ್ಬರಿನ ಟೈರು ಆ ಪುಡಿಯನ್ನೇ ಹೀರಿ ಧೂಳಾಗಿ ಎಬ್ಬಿಸಿತು. ಹಿಡಿತ ತಪ್ಪಿದ ಜಲ್ಲಿ ಚದುರಿತು. ರಸ್ತೆಗಳ ಅಭಿವೃದ್ಧಿಗೆಂದು 1927ರಲ್ಲಿ ನೇಮಕವಾದ ಜಯಕರ್ ಸಮಿತಿಯ ಸಲಹೆಯಂತೆ 1929ರಲ್ಲಿ ಪೆಟ್ರೋಲಿನ ಮೇಲಿನ ಸುಂಕದಿಂದ ಕೇಂದ್ರ ರಸ್ತೆ ನಿಧಿ ಏರ್ಪಟ್ಟಿತು. ಡಾಂಬರು ಕ್ರಮೇಣ ಊರೂರಿಗೂ ಬಂದಿತು.

ಡಾಂಬರು ರಸ್ತೆಯನ್ನು ಉಳಿಸಿಕೊಳ್ಳುವ ವಿದ್ಯೆಯೂ ಈಗ ಬೆಳೆದಿದೆ. ಬೆಂಗಳೂರಿನ ಹೊರವಲಯದ ಎಲೆಕ್ಟ್ರಾನಿಕ್ಸ್ ಸಿಟಿಯಂಥ ಉದ್ಯಮನಗರಗಳ ಬೀದಿಗಳನ್ನು ದುರಸ್ತಿಗೊಳಿಸಲು ಯೋಜನೆ ಹಾಕುವವರಿಗೆ ಇಂದು ಸೂಕ್ಷ್ಮವಾದ ಉಪಕರಣಗಳಿವೆ. 1953ರಲ್ಲಿ ಅಮೆರಿಕದ ಎಂಜಿನಿಯರ್ ಬೆಂಕೆಲ್‌ಮನ್ ರೂಪಿಸಿದ ತೊಲೆ, ಭಾರ ತುಂಬಿದ ಲಾರಿಯ ಚಕ್ರದಡಿ ರಸ್ತೆ ಎಷ್ಟು ಬಾಗುತ್ತದೆಂಬುದನ್ನು ಅಳೆಯುತ್ತದೆ; ಆ ಅಳತೆಯಿಂದ ಎಲ್ಲಿ ತೇಪೆ ಸಾಕು, ಎಲ್ಲಿ ಹೊಸ ಪದರ ಬೇಕು, ಎಲ್ಲಿ ತಳದಿಂದಲೇ ಅಗೆಯಬೇಕು ಎಂಬುದು ನಿರ್ಣಯವಾಗುತ್ತದೆ. 1958ರಿಂದ 1960ರವರೆಗೆ ಇಲಿನಾಯ್ ಪ್ರಾಂತದಲ್ಲಿ ನಡೆದ ಮಹಾಪರೀಕ್ಷೆಯ ಫಲವಾಗಿ, ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗಾಗುವ ಹಾನಿ ಸುಮಾರು ಹದಿನಾರು ಪಟ್ಟಾಗುವುದೆಂಬುದೂ ತಿಳಿದುಬಂದಿತು.

ಕಾರುಗಳೇ ಹೆಚ್ಚಾಗಿ ಸುಳಿಯುವ ಅಂಥ ಕಚೇರಿಬೀದಿಗಳಿಗಿಂತ ನಮ್ಮ ಮಾರುಕಟ್ಟೆಯ ಪ್ರಾಂಗಣಗಳಿಗೇ ಈ ಲೆಕ್ಕ ಹೆಚ್ಚಾಗಿ ಅನ್ವಯಿಸುತ್ತದೆ. ಅಡಕೆ ಮಾರಾಟದ ತುಮ್ಕೋಸ್ ಸಹಕಾರ ಸಂಘದ ನೆಲೆಯಾದ ಚನ್ನಗಿರಿಯಲ್ಲಿ ಅಡಕೆಯ ಮೂಟೆಗಳನ್ನು ಹೊತ್ತ ಲಾರಿಗಳು ನಿಧಾನವಾಗಿ ಚಲಿಸಿ, ನಿಂತು, ನಿಂತಲ್ಲೇ ತಿರುಗುತ್ತವೆ. ಡಾಂಬರು ಮೊದಲು ಸೀಳುವುದು ಇಂಥ ತಿರುವುಗಳಲ್ಲಿಯೇ. ಅಡಕೆಯ ಸುಗ್ಗಿ ಮುಗಿದು ಮುಂಗಾರು ಇನ್ನೂ ದೂರವಿರುವ ತಿಂಗಳುಗಳಲ್ಲಿ ಮೊದಲು ಮೋರಿ ಚರಂಡಿಗಳನ್ನು ತೆರವುಗೊಳಿಸಿ, ತಿರುವುಗಳಲ್ಲಿ ತಳವನ್ನು ಬಲಪಡಿಸಿ, ಉಳಿದ ಹಣದಲ್ಲಿ ಮೇಲ್ಪದರವನ್ನು ಹಾಕುವುದೇ ಅಲ್ಲಿ ಅನುಸರಿಸತಕ್ಕ ಕ್ರಮ.